576 ಬೈಟಿನ ಬಣ್ಣದ ಪಟ್ಟಿ: ಹಳೇ ವಿಜಿಎ ಕಾರ್ಡಿನ ಪ್ಯಾಲೆಟ್ ಅರ್ಥ ಮಾಡಿಕೊಂಡು ನೀವೇ ಬದಲಿಸುವ ಸಮಗ್ರ ಮಾರ್ಗದರ್ಶಿ

ವಿಜಿಎ ಅಂದರೆ ಹಳೇ ಪಿಸಿಗಳಲ್ಲಿ ತೆರೆಗೆ ಚಿತ್ರ ಕಳಿಸುತ್ತಿದ್ದ ಒಂದು ಗ್ರಾಫಿಕ್ಸ್ ಕಾರ್ಡು. "ವಿಜಿಎ ಕಾರ್ಡಿನಲ್ಲಿ ಎಷ್ಟು ಬಣ್ಣ?" ಅಂತ ಕೇಳಿದರೆ ಒಬ್ಬರು 256 ಅಂತಾರೆ, ಇನ್ನೊಬ್ಬರು 2,62,144 ಅಂತಾರೆ. ಎರಡೂ ಸರಿ. ಆದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ತೆರೆಯ ಮೇಲೆ ಒಂದೇ ಸಲಕ್ಕೆ ಎಷ್ಟು ಬಣ್ಣ ಕಾಣಬಹುದು ಅನ್ನೋದು ಒಂದು. ಆ ಬಣ್ಣಗಳನ್ನು ಎಷ್ಟು ದೊಡ್ಡ ರಾಶಿಯಿಂದ ಆರಿಸಿಕೊಳ್ಳಬಹುದು ಅನ್ನೋದು ಇನ್ನೊಂದು. ಇವೆರಡರ ವ್ಯತ್ಯಾಸ ತಲೆಗೆ ಹೋದರೆ ಹಳೇ ಗ್ರಾಫಿಕ್ಸ್ ಕಾರ್ಡಿನ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಓದಿ ತಿಳಿಯೋದಕ್ಕಿಂತ ಕೈಯಾರೆ ಮಾಡಿ ನೋಡಿದರೆ ಬೇಗ ಹತ್ತುತ್ತದೆ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ಏನೇನು ಬೇಕು

ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಹಳೇ ಪಿಸಿಯ ಕಾರ್ಡು ಸಿಕ್ಕರೂ ಸಿಗಬಹುದು. ಸಿಕ್ಕರೆ ಬಿಡಬೇಡಿ. ಸಿಗದಿದ್ದರೂ ಚಿಂತೆ ಇಲ್ಲ. ಡಾಸ್‌ಬಾಕ್ಸ್ ಅನ್ನೋ ಉಚಿತ ತಂತ್ರಾಂಶ ನಿಮ್ಮ ಈಗಿನ ಲ್ಯಾಪ್‌ಟಾಪ್‌ನಲ್ಲೇ ಹಳೇ ಕಾರ್ಡಿನ ಹಾಗೆ ನಡೆದುಕೊಳ್ಳುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ "ಮಷೀನ್" ಅನ್ನೋ ಸಾಲು ಇದೆ. ಅಲ್ಲಿ "ವಿಜಿಎಓನ್ಲಿ" ಅಂತ ಕೊಟ್ಟರೆ ಬರೀ ವಿಜಿಎ. "ಸಿಜಿಎ" ಅಥವಾ "ಇಜಿಎ" ಅಂತ ಕೊಟ್ಟರೆ ಅದಕ್ಕೂ ಹಿಂದಿನ ಕಾರ್ಡು. ಜೊತೆಗೆ ಪ್ರೋಗ್ರಾಂ ಬರೆದು ಓಡಿಸೋಕೆ ಕ್ಯೂಬೇಸಿಕ್ ಬೇಕು. 1991ರ ಎಂಎಸ್-ಡಾಸ್ 5 ಅನ್ನೋ ಆಪರೇಟಿಂಗ್ ಸಿಸ್ಟಂ ಜೊತೆ ಬಂದಿದ್ದು ಅದು. ಹಳೇ ಡಿಸ್ಕು ಇಟ್ಟುಕೊಂಡವರ ಹತ್ತಿರ ಇದ್ದೇ ಇರುತ್ತದೆ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ. ಪ್ರೊಸೆಸರ್ ಕಾರ್ಡಿನ ಜೊತೆ ಮಾತಾಡೋ ಬಾಗಿಲಿಗೆ ಪೋರ್ಟ್ ಅಂತಾರೆ. ಪೋರ್ಟ್ ಸಂಖ್ಯೆಗಳನ್ನು ಪುಸ್ತಕಗಳಲ್ಲಿ ಹದಿನಾರರ ಲೆಕ್ಕದಲ್ಲಿ ಕೊಡುತ್ತಾರೆ. ಕ್ಯೂಬೇಸಿಕ್ ಮಾಮೂಲಿ ಸಂಖ್ಯೆಯನ್ನೂ ಒಪ್ಪುತ್ತದೆ, ಹಾಗಾಗಿ ನಾನು ಅದನ್ನೇ ಬಳಸಿದ್ದೇನೆ. ನೆನಪಿಡಬೇಕಾದ್ದು ಐದೇ: 966, 967, 968, 969 ಮತ್ತು 986.

ಹಂತ 1: ಪಟ್ಟಿ ಯಾಕೆ ಬೇಕಾಯಿತು, ಲೆಕ್ಕ ಹಾಕಿ

ಕಾಗದ ಪೆನ್ನು ತೊಗೊಳ್ಳಿ. ವಿಜಿಎ ಬಂದಿದ್ದು 1987ರಲ್ಲಿ, ಐಬಿಎಂನ ಪಿಎಸ್/2 ಕಂಪ್ಯೂಟರಿನ ಜೊತೆ. ಅದರ ಮೆಮೊರಿ 256 ಕಿಲೋಬೈಟ್, ಅಂದರೆ 2,62,144 ಬೈಟ್. (ಬಣ್ಣಗಳ ಸಂಖ್ಯೆಯೂ ಇದೇ ಆಗಿರೋದು ಕಾಕತಾಳೀಯ, ಗೊಂದಲ ಮಾಡಿಕೊಳ್ಳಬೇಡಿ.)

320 ಅಡ್ಡ, 200 ಸಾಲು ಅಂದರೆ 64,000 ಚುಕ್ಕೆ. ಒಂದೊಂದು ಚುಕ್ಕೆಗೂ ಒಂದು ಬೈಟ್ ಕೊಟ್ಟರೆ 64,000 ಬೈಟ್. ಆಗಿನ ಇಂಟೆಲ್ ಪ್ರೊಸೆಸರ್ ಡಾಸ್‌ನಲ್ಲಿ ಒಂದೇ ತುಂಡಾಗಿ ನೋಡಬಲ್ಲ ಮೆಮೊರಿ 65,536 ಬೈಟ್. ಅಷ್ಟರೊಳಗೆ ಇದು ಸರಿಯಾಗಿ ಕೂರುತ್ತದೆ. ಅದೇ ಚುಕ್ಕೆಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಕೊಡ್ತೀನಿ ಅಂದರೆ 1,92,000 ಬೈಟ್. ಮೆಮೊರಿ ದುಬಾರಿಯಾಗಿದ್ದ ಕಾಲ ಅದು.

ಇದಕ್ಕೆ ಕಂಡುಕೊಂಡ ದಾರಿ ಬಹಳ ಚೆಂದದ್ದು. ಚುಕ್ಕೆಯ ಬೈಟಿನಲ್ಲಿ ಬಣ್ಣವನ್ನು ಇಡೋದೇ ಇಲ್ಲ. ಅಲ್ಲಿರೋದು 0ಯಿಂದ 255ರವರೆಗಿನ ಒಂದು ಕ್ರಮಸಂಖ್ಯೆ ಅಷ್ಟೆ. ಆ ಸಂಖ್ಯೆಗೆ ಯಾವ ಬಣ್ಣ ಅಂತ ಹೇಳೋಕೆ ಪ್ರತ್ಯೇಕ ಪಟ್ಟಿ ಇದೆ. ಪಟ್ಟಿಯ ಒಂದು ಸಾಲಿಗೆ 18 ಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್): ಕೆಂಪಿಗೆ 6, ಹಸಿರಿಗೆ 6, ನೀಲಿಗೆ 6. ಒಟ್ಟು 256 ಸಾಲು. 256ನ್ನು 18ರಿಂದ ಗುಣಿಸಿದರೆ 4,608 ಬಿಟ್, ಅಂದರೆ 576 ಬೈಟ್. ಒಂದೊಂದು ಬಣ್ಣಕ್ಕೆ 64 ಮಟ್ಟ ಇರೋದರಿಂದ 64 × 64 × 64, ಅಂದರೆ 2,62,144 ಬಣ್ಣಗಳ ಆಯ್ಕೆ ಸಿಕ್ಕಿತು. ಇಷ್ಟಕ್ಕೆಲ್ಲ ಹೆಚ್ಚುವರಿಯಾಗಿ ಖರ್ಚಾದ ಮೆಮೊರಿ 576 ಬೈಟ್ ಮಾತ್ರ!

ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗ ನೋಡಿದವರಿಗೆ ಇದು ಹೊಸದಲ್ಲ. ಸೀರೆಯ ವಿನ್ಯಾಸ ಯಾವ ಎಳೆ ಎಲ್ಲಿ ಮೇಲೆ ಬರಬೇಕು ಅಂತ ಹೇಳುತ್ತದೆಯೇ ಹೊರತು ಆ ಎಳೆಯ ಬಣ್ಣ ಯಾವುದು ಅಂತಲ್ಲ. ನೂಲು ಬದಲಿಸಿ, ಅದೇ ವಿನ್ಯಾಸದಲ್ಲಿ ಬೇರೆ ಬಣ್ಣದ ಸೀರೆ ಬರುತ್ತದೆ.

ಪಟ್ಟಿಯೂ, ಅದರಿಂದ ಬಂದ ಅಂಕಿಯನ್ನು ಮಾನಿಟರಿಗೆ ಬೇಕಾದ ವೋಲ್ಟೇಜ್ ಮಾಡುವ ಭಾಗವೂ ಒಂದೇ ಚಿಪ್ಪಿನಲ್ಲಿವೆ. ಅದಕ್ಕೆ ರ‍್ಯಾಮ್‌ಡ್ಯಾಕ್ ಅಂತಾರೆ. ಐಬಿಎಂ ಬಳಸಿದ್ದು ಇನ್ಮೋಸ್ ಕಂಪನಿಯ ಜಿ171. ಹಳೇ ಕಾರ್ಡು ಕೈಯಲ್ಲಿದ್ದರೆ ಮಾನಿಟರ್ ಸಾಕೆಟ್ಟಿನ ಹತ್ತಿರ ಹುಡುಕಿ. 171 ಅಥವಾ 176 ಅನ್ನೋ ಅಂಕಿ ಇರುವ ಚಿಪ್ಪು ಕಂಡರೆ ಅದೇ.

ಹಂತ 2: ಒಂದು ಬಣ್ಣ ಬದಲಿಸಿ ನೋಡಿ

ಕ್ಯೂಬೇಸಿಕ್ ತೆರೆದು ಇಷ್ಟು ಬರೆಯಿರಿ:

ಸ್ಕ್ರೀನ್ 13
ಲೈನ್ (60, 40)-(260, 160), 7, ಬಿಎಫ್
ಸ್ಲೀಪ್
ಔಟ್ 968, 7
ಔಟ್ 969, 63
ಸ್ಲೀಪ್
ಔಟ್ 969, 20
ಸ್ಲೀಪ್
ಔಟ್ 969, 0
ಸ್ಲೀಪ್

ಸ್ಕ್ರೀನ್ 13 ಅಂದರೆ 320 × 200, 256 ಬಣ್ಣದ ಮೋಡ್. ಎರಡನೇ ಸಾಲು 7ನೇ ಸಂಖ್ಯೆಯಲ್ಲಿ ಒಂದು ತುಂಬಿದ ಚೌಕ ಬರೆಯುತ್ತದೆ. ಬೂದು ಬಣ್ಣ ಕಾಣುತ್ತದೆ. 968ನೇ ಪೋರ್ಟಿಗೆ 7 ಬರೆದಾಗ "ಪಟ್ಟಿಯ 7ನೇ ಸಾಲು ಬದಲಿಸ್ತೀನಿ" ಅಂತ ಹೇಳಿದ ಹಾಗೆ. ಆಮೇಲೆ 969ಕ್ಕೆ ಮೂರು ಸಲ ಬರೆಯಬೇಕು: ಕೆಂಪು, ಹಸಿರು, ನೀಲಿ, ಇದೇ ಕ್ರಮದಲ್ಲಿ.

ನಡುವೆ ಸ್ಲೀಪ್ (ಕೀಲಿ ಒತ್ತೋವರೆಗೆ ಕಾಯೋ ಆಜ್ಞೆ) ಇಟ್ಟಿರೋದಕ್ಕೆ ಕಾರಣ ಇದೆ. ಓಡಿಸಿ, ಒಂದೊಂದೇ ಕೀಲಿ ಒತ್ತುತ್ತಾ ಹೋಗಿ. ಕೆಂಪಿನ ಅಂಕಿ ಬರೆದಾಯಿತು, ಚೌಕ ಬೂದು ಬಣ್ಣದ್ದೇ. ಹಸಿರಿನದು ಬರೆದಾಯಿತು, ಆಗಲೂ ಬೂದು ಬಣ್ಣದ್ದೇ. ಮೂರನೇದು ಬಿದ್ದ ಕ್ಷಣ ಇಡೀ ಚೌಕ ಒಟ್ಟಿಗೇ ಕೆಂಪುಗಿತ್ತಳೆ ಆಗುತ್ತದೆ. ಚಿಪ್ಪು ಮೊದಲ ಎರಡು ಅಂಕಿಗಳನ್ನು ಪಕ್ಕಕ್ಕೆ ಇಟ್ಟುಕೊಂಡಿರುತ್ತದೆ. ಮೂರೂ ಕೂಡಿದ ಮೇಲೇ 18 ಬಿಟ್ಟನ್ನೂ ಪಟ್ಟಿಗೆ ಸೇರಿಸುತ್ತದೆ. ಇಲ್ಲದಿದ್ದರೆ ನಡುವಿನ ಅರೆಬರೆ ಬಣ್ಣಗಳು ತೆರೆಯ ಮೇಲೆ ಮಿಂಚಿ ಹೋಗುತ್ತಿದ್ದವು.

ಚೌಕದಲ್ಲಿ ಸುಮಾರು 24,000 ಚುಕ್ಕೆ ಇವೆ. ನೀವು ಅವುಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಚುಕ್ಕೆಗಳ ಮೆಮೊರಿಯಲ್ಲಿ ಈಗಲೂ 7 ಅಂತಲೇ ಇದೆ.

ಮೂರನೇ ಅಂಕಿ ಬಿದ್ದ ಮೇಲೆ ಸಾಲಿನ ಸಂಖ್ಯೆ ತಾನೇ ಒಂದು ಮುಂದೆ ಹೋಗುತ್ತದೆ. ಅಂದರೆ 8ನೇ ಸಾಲಿಗೆ ಮತ್ತೆ 968 ಬೇಕಿಲ್ಲ, ನೇರವಾಗಿ ಮುಂದಿನ ಮೂರು ಅಂಕಿ ಕೊಡಬಹುದು. ಓದಬೇಕಾದರೆ 967ಕ್ಕೆ ಸಾಲಿನ ಸಂಖ್ಯೆ ಬರೆದು, 969ರಿಂದ ಇನ್‌ಪಿ ಆಜ್ಞೆಯಲ್ಲಿ ಮೂರು ಸಲ ಓದಿ.

ಹಂತ 3: ಬೆಂಗೇರಿಯ ಕೇಸರಿ

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಬಿಐಎಸ್ ಮಾನದಂಡದ ಪ್ರಕಾರ ರಾಷ್ಟ್ರಧ್ವಜ ತಯಾರಿಸುತ್ತಾರೆ. ಬಟ್ಟೆ, ಅಳತೆ, ಬಣ್ಣ ಎಲ್ಲಕ್ಕೂ ಅಲ್ಲಿ ಕಟ್ಟುನಿಟ್ಟು. ಅದೇ ಧ್ವಜವನ್ನು ಹಳೇ ಕಾರ್ಡುಗಳಲ್ಲಿ ಬರೆಯೋಕೆ ಹೋದರೆ ಪ್ರತಿ ಕಾರ್ಡಿನ ಮಿತಿ ಏನು ಅಂತ ಕಣ್ಣಿಗೆ ಕಟ್ಟುತ್ತದೆ.

1981ರ ಸಿಜಿಎ ತೊಗೊಳ್ಳಿ. ಮೆಮೊರಿ 16 ಕಿಲೋಬೈಟ್. 320 × 200ರಲ್ಲಿ ಚುಕ್ಕೆಗೆ 2 ಬಿಟ್ ಕೊಟ್ಟರೆ 16,000 ಬೈಟ್, ಅಲ್ಲಿಗೆ ಮುಗಿಯಿತು. ಹಾಗಾಗಿ ನಾಲ್ಕೇ ಬಣ್ಣ. ಅದರಲ್ಲೂ ಮೂರು ಬಣ್ಣ ಕಾರ್ಡಿನಲ್ಲೇ ನಿಗದಿಯಾಗಿದ್ದವು: ಹಸಿರು-ಕೆಂಪು-ಕಂದು, ಇಲ್ಲವೇ ತಿಳಿನೀಲಿ-ಕೆನ್ನೇರಳೆ-ಬಿಳಿ. ನಾಲ್ಕನೆಯದಾದ ಹಿನ್ನೆಲೆ ಮಾತ್ರ 16ರಲ್ಲಿ ಯಾವುದಾದರೂ ಆಗಬಹುದು. ಹಸಿರು ಬೇಕು ಅಂದರೆ ಮೊದಲ ಗುಂಪು. ಅದರಲ್ಲಿ ಬಿಳಿ ಇಲ್ಲ, ಬಿಳಿ ಬೇಕಾದರೆ ಇಡೀ ತೆರೆಯ ಹಿನ್ನೆಲೆಯನ್ನೇ ಬಿಳಿ ಮಾಡಬೇಕು. ಚಕ್ರದ ಕಡುನೀಲಿಗೆ ಜಾಗವೇ ಉಳಿಯಲಿಲ್ಲ. ಕೇಸರಿಯಂತೂ ಆ 16ರಲ್ಲೇ ಇಲ್ಲ. ಇಲ್ಲಿ ತುಂಬಿಸಬಹುದಾದ ಪಟ್ಟಿ ಇಲ್ಲ, ಕೊಟ್ಟಿದ್ದನ್ನು ತೊಗೊಳ್ಳಬೇಕು ಅಷ್ಟೆ.

1984ರ ಇಜಿಎಯಲ್ಲಿ ನಿಜವಾದ ಪಟ್ಟಿ ಬಂತು. 16 ಸಾಲು, ಒಂದೊಂದಕ್ಕೂ 6 ಬಿಟ್. ಅಂದರೆ 64 ಬಣ್ಣದಲ್ಲಿ 16 ಆರಿಸಿಕೊಳ್ಳಬಹುದು. ಕೆಂಪು, ಹಸಿರು, ನೀಲಿಗೆ ನಾಲ್ಕು ನಾಲ್ಕು ಮಟ್ಟ. ಈ 64ರ ಆಯ್ಕೆ ಸಿಗೋದು 350 ಸಾಲಿನ ಮೋಡಿನಲ್ಲಿ, ಅದಕ್ಕೆ ತಕ್ಕ ಮಾನಿಟರ್ ಇದ್ದಾಗ. 200 ಸಾಲಿನಲ್ಲಿ ಮತ್ತೆ ಸಿಜಿಎಯ ಅದೇ 16. ಕೇಸರಿಗೆ ಹತ್ತಿರದ ಇಜಿಎ ಬಣ್ಣದ ಸಂಖ್ಯೆ 46: ಕೆಂಪು ಪೂರ್ತಿ, ಹಸಿರು ಮೂರರಲ್ಲಿ ಎರಡು ಪಾಲು, ನೀಲಿ ಒಂದು ಪಾಲು.

ಈಗ ವಿಜಿಎ. ತೆರೆಯ ಮೇಲೆ ಕೇಸರಿಗೆ ಸಾಮಾನ್ಯವಾಗಿ ಬಳಸೋ ಅಂಕಿ 255, 153, 51. ಹಸಿರಿಗೆ 19, 136, 8. ಚಕ್ರದ ನೀಲಿಗೆ 0, 0, 128. ಇವು 255ರವರೆಗಿನ ಲೆಕ್ಕ. ವಿಜಿಎ ಪಟ್ಟಿ 63ರವರೆಗೆ ಮಾತ್ರ. ಎಲ್ಲವನ್ನೂ 4ರಿಂದ ಭಾಗಿಸಿ, ಉಳಿದ ಚೂರು ಬಿಡಿ. ಕೇಸರಿ 63, 38, 12. ಬಿಳಿ 63, 63, 63. ಹಸಿರು 4, 34, 2. ನೀಲಿ 0, 0, 32.

ಭಾಗಿಸೋದು ಮರೆತರೆ ಏನಾಗುತ್ತದೆ ಅಂತ ಬೇಕಂತಲೇ ಒಂದು ಖಾಲಿ ಚೌಕದ ಮೇಲೆ ಮಾಡಿ ನೋಡಿ. ಚಿಪ್ಪು ಮೇಲಿನ ಎರಡು ಬಿಟ್ ಬಿಸಾಕುತ್ತದೆ. 153 ಹೋಗಿ 25 ಆಗುತ್ತದೆ. ಕೇಸರಿಯ ಬದಲು 63, 25, 51, ಅಂದರೆ ಎದ್ದು ಕಾಣೋ ಗುಲಾಬಿ. ಹಸಿರು 19, 8, 8 ಆಗಿ ಕಪ್ಪುಗೆಂಪು. ಬಿಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ, ಯಾಕಂದರೆ 255ರ ಕೆಳಗಿನ ಆರು ಬಿಟ್ 63. ಬಿಳಿ ಸರಿಯಾಗಿದೆ, ಉಳಿದ ಬಣ್ಣ ಹುಚ್ಚಾಪಟ್ಟೆ ಅಂತ ಕಂಡರೆ ಬೇರೆಲ್ಲೂ ಹುಡುಕಬೇಡಿ, ಈ ಭಾಗಾಕಾರವೇ ತಪ್ಪಿರುತ್ತದೆ.

ಧ್ವಜದ ವಿಷಯದಲ್ಲಿ ಒಂದು ಮಾತು. ಮೊದಲು ಪಟ್ಟಿ ತುಂಬಿಸಿ, ಆಮೇಲೆ ಚಿತ್ರ ಬರೆಯಿರಿ. ತಪ್ಪು ಬಣ್ಣದ ಧ್ವಜ ಒಂದು ಕ್ಷಣ ಕಂಡರೂ ಚೆನ್ನಾಗಿರೋದಿಲ್ಲ. ಸ್ಕ್ರೀನ್ 13 ಕೊಟ್ಟ ಮೇಲೆ 968ಕ್ಕೆ 1 ಬರೆದು, 969ಕ್ಕೆ ಮೇಲಿನ ಹನ್ನೆರಡು ಅಂಕಿಗಳನ್ನು ಸಾಲಾಗಿ ಕೊಟ್ಟರೆ 1ರಿಂದ 4ರವರೆಗಿನ ನಾಲ್ಕೂ ಸಾಲು ತುಂಬುತ್ತವೆ.

ಅಳತೆಗೆ ಇನ್ನೊಂದು ಲೆಕ್ಕ ಇದೆ. ಧ್ವಜದ ಉದ್ದ-ಎತ್ತರ 3:2. ಆದರೆ ಈ ಮೋಡಿನ ಚುಕ್ಕೆ ಚೌಕವಲ್ಲ. 320 × 200 ಚುಕ್ಕೆ 4:3ರ ಗಾಜಿನ ಮೇಲೆ ಹರಡಿರೋದರಿಂದ ಒಂದೊಂದು ಚುಕ್ಕೆಯ ಎತ್ತರ ಅಗಲಕ್ಕಿಂತ 1.2 ಪಟ್ಟು. ಹಾಗಾಗಿ 120 ಸಾಲು ಎತ್ತರಕ್ಕೆ 180 ಅಲ್ಲ, 216 ಚುಕ್ಕೆ ಅಗಲ ಬೇಕು.

ಲೈನ್ (52, 40)-(267, 79), 1, ಬಿಎಫ್
ಲೈನ್ (52, 80)-(267, 119), 2, ಬಿಎಫ್
ಲೈನ್ (52, 120)-(267, 159), 3, ಬಿಎಫ್
ಸರ್ಕಲ್ (160, 100), 22, 4

900 × 600 ಮಿಲಿಮೀಟರ್ ಧ್ವಜಕ್ಕೆ ಧ್ವಜ ಸಂಹಿತೆ ಹೇಳೋ ಚಕ್ರದ ಅಡ್ಡಳತೆ 185 ಮಿಲಿಮೀಟರ್. ಅದೇ ಪ್ರಮಾಣದಲ್ಲಿ ನಮಗೆ ಬಂದಿದ್ದು ಅಡ್ಡಕ್ಕೆ 22, ಮೇಲೆ-ಕೆಳಗೆ 18 ಚುಕ್ಕೆಯ ತ್ರಿಜ್ಯ. ಸರ್ಕಲ್ ಆಜ್ಞೆ ಚುಕ್ಕೆಯ ಸೊಟ್ಟವನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. 24 ಅರಗಳನ್ನು ಲೈನ್ ಆಜ್ಞೆಯಿಂದ 15 ಡಿಗ್ರಿಗೊಂದರಂತೆ ನೀವೇ ಎಳೆಯಬೇಕು. ಆಗ ಕೊಸೈನಿಗೆ 22, ಸೈನಿಗೆ 18 ಗುಣಿಸಿ.

ಹಂತ 4: ಕಂದು ಯಾಕೆ ಬದಲಾಗೋದಿಲ್ಲ?

ಹೊಸಬರು ಹೆಚ್ಚಾಗಿ ಎಡವೋದು ಇಲ್ಲೇ. ಅಕ್ಷರಗಳ ಮೋಡಿನಲ್ಲಿ, ಅಂದರೆ ಸ್ಕ್ರೀನ್ 0ಯಲ್ಲಿ, ಕಲರ್ 6 ಕೊಟ್ಟು ಏನಾದರೂ ಪ್ರಿಂಟ್ ಮಾಡಿ. ಕಂದು ಬಣ್ಣದಲ್ಲಿ ಬರುತ್ತದೆ. ಈಗ 968ಕ್ಕೆ 6 ಬರೆದು ಬಣ್ಣ ಬದಲಿಸಿ. ಏನೂ ಆಗೋದಿಲ್ಲ. 6ರ ಬದಲು 20 ಬರೆದು ನೋಡಿ. ಬದಲಾಯಿತು, ಅಲ್ವಾ?

ಕಾರಣ ಏನಂದರೆ, 16 ಬಣ್ಣದ ಇಂಥ ಮೋಡುಗಳಲ್ಲಿ ಪಟ್ಟಿ ಒಂದಲ್ಲ, ಎರಡು. ಮೊದಲು ಇಜಿಎ ಕಾಲದ 16 ಸಾಲಿನ ಚಿಕ್ಕ ಪಟ್ಟಿ. ಅದರಿಂದ ಬಂದ ಸಂಖ್ಯೆ ಹಿಡಿದು 256 ಸಾಲಿನ ದೊಡ್ಡ ಪಟ್ಟಿಗೆ ಹೋಗಬೇಕು. ಇಜಿಎಯಲ್ಲಿ ಕಂದು ಬಣ್ಣದ ಸಂಖ್ಯೆ 20 ಆಗಿತ್ತು. ಹಳೇ ಪ್ರೋಗ್ರಾಂಗಳು ಹೊಸ ಕಾರ್ಡಿನಲ್ಲೂ ಹಾಗೇ ಕಾಣಲಿ ಅಂತ ವಿಜಿಎ ಈ ಮೋಡಿನಲ್ಲಿ ತನ್ನ ಮೊದಲ 64 ಸಾಲುಗಳಿಗೆ ಇಜಿಎಯ 64 ಬಣ್ಣಗಳನ್ನೇ ತುಂಬಿಕೊಳ್ಳುತ್ತದೆ. 8ರಿಂದ 15ರವರೆಗಿನ ಹೊಳೆಯೋ ಬಣ್ಣಗಳೂ ಹೀಗೇ 56ರಿಂದ 63ರವರೆಗಿನ ಸಾಲುಗಳಿಗೆ ಹೋಗುತ್ತವೆ. ಸ್ಕ್ರೀನ್ 13ರಲ್ಲಿ ಈ ತಿರುವು ಇಲ್ಲ. 6 ಅಂದರೆ 6.

ಅನುಮಾನ ಇದ್ದರೆ ಸ್ಕ್ರೀನ್ 0ಯಲ್ಲೇ 967ಕ್ಕೆ 46 ಬರೆದು ಮೂರು ಸಲ ಓದಿ. 63, 42, 21 ಬರುತ್ತದೆ. ಮೂರನೇ ಹಂತದಲ್ಲಿ ನೋಡಿದ ಇಜಿಎಯ ಕೇಸರಿ ಅದು. ವಿಜಿಎಯ ಹೊಟ್ಟೆಯಲ್ಲಿ ಹಾಗೇ ಇದೆ.

ಹಂತ 5: ಚಿತ್ರ ಮುಟ್ಟದೆ ನೀರು ಅಲುಗಾಡಿಸಿ

ಉಣಕಲ್ ಕೆರೆಯ ಅಲೆ ಬೇಕು ಅಂದುಕೊಳ್ಳಿ. ಪ್ರತಿ ಸಲ 64,000 ಚುಕ್ಕೆ ಬರೆಯೋಕೆ ಆಗಿನ ಕಂಪ್ಯೂಟರಿಗೆ ಶಕ್ತಿ ಸಾಲದು. ಪಟ್ಟಿ ತಿರುಗಿಸಿದರೆ ಸಾಕು. ಮೊದಲು 200 ಸಾಲುಗಳನ್ನು 64ರಿಂದ 127ರವರೆಗಿನ ಸಂಖ್ಯೆಗಳಲ್ಲಿ ಬರೆಯಿರಿ:

ಸ್ಕ್ರೀನ್ 13
ಫಾರ್ ವೈ = 0 ಟು 199
ಲೈನ್ (0, ವೈ)-(319, ವೈ), 64 + (ವೈ ಮಾಡ್ 64)
ನೆಕ್ಸ್ಟ್

ಆಮೇಲೆ ಒಂದು ಸುತ್ತು ಕಟ್ಟಿ. ಸುತ್ತಿನ ಎಣಿಕೆಗೆ ಎಸ್, ಪಟ್ಟಿಯ ಸಾಲಿಗೆ ಎನ್ ಇರಲಿ. ಪ್ರತಿ ಸುತ್ತಿನಲ್ಲಿ 968ಕ್ಕೆ 64 ಬರೆಯಿರಿ. ಎನ್ ಅನ್ನು 0ಯಿಂದ 63ರವರೆಗೆ ಓಡಿಸುತ್ತಾ, ಎನ್ ಮತ್ತು ಎಸ್ ಕೂಡಿಸಿ, 64ರಿಂದ ಭಾಗಿಸಿ, ಶೇಷ ತೊಗೊಳ್ಳಿ. ಆ ಶೇಷಕ್ಕೂ 32ಕ್ಕೂ ಇರುವ ವ್ಯತ್ಯಾಸಕ್ಕೆ 31 ಕೂಡಿಸಿ. ಇದು ನೀಲಿಯ ಅಂಕಿ. ಹಸಿರಿಗೆ ಅದರ ಅರ್ಧ, ಕೆಂಪಿಗೆ 0. ಸುಮ್ನೆ ಶೇಷವನ್ನೇ ಕೊಟ್ಟರೆ 63ರಿಂದ 0ಗೆ ಒಮ್ಮೆಲೇ ಬಿದ್ದು ಅಲೆ ಹರಿದ ಹಾಗೆ ಕಾಣುತ್ತದೆ. ವ್ಯತ್ಯಾಸ ತೊಗೊಂಡರೆ ಏರಿಳಿತ ನಯವಾಗಿರುತ್ತದೆ. ಒಂದು ಸುತ್ತಿಗೆ 192 ಬೈಟ್ ಬರೆದರೆ ಇಡೀ ತೆರೆ ಹರಿಯುತ್ತದೆ.

ನಿಜವಾದ ಹಳೇ ಕಾರ್ಡಿನಲ್ಲಿ ಇದನ್ನು ಮಾಡಿದರೆ ತೆರೆಯ ಮೇಲೆ ಬಿಳಿ ಚುಕ್ಕೆಗಳು ಎರಚಿದ ಹಾಗೆ ಕಾಣಬಹುದು. ಕಾರ್ಡು ಕೆಟ್ಟಿಲ್ಲ. ಚುಕ್ಕೆ ತೋರಿಸೋಕೆ ಪಟ್ಟಿಯನ್ನು ಓದುತ್ತಿರುವಾಗಲೇ ಪ್ರೊಸೆಸರ್ ಅದೇ ಪಟ್ಟಿಗೆ ಬರೆಯೋಕೆ ಬಂದರೆ ಆ ಕ್ಷಣ ಸರಿಯಾದ ಬಣ್ಣ ಸಿಗೋದಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗೋ ಸಂದಿನಲ್ಲಿ ಬರೆದರೆ ಈ ತೊಂದರೆ ಇಲ್ಲ. 986ನೇ ಪೋರ್ಟಿನ 8ರ ಬಿಟ್ ಆ ಸಂದನ್ನು ತೋರಿಸುತ್ತದೆ:

ವೇಟ್ 986, 8, 8
ವೇಟ್ 986, 8

ಮೊದಲ ಸಾಲು, ಈಗಾಗಲೇ ನಡೆಯುತ್ತಿರೋ ಸಂದು ಮುಗಿಯಲಿ ಅಂತ ಕಾಯುತ್ತದೆ. ಎರಡನೆಯದು ಹೊಸ ಸಂದು ಶುರುವಾಗೋದನ್ನು ಕಾಯುತ್ತದೆ. ಒಂದೇ ಸಾಲು ಹಾಕಿದರೆ ಸಂದಿನ ಕೊನೆಯಲ್ಲಿ ನುಗ್ಗಿಬಿಡಬಹುದು. ಈ ಮೋಡಿನಲ್ಲಿ ಸೆಕೆಂಡಿಗೆ ಸುಮಾರು 70 ಚಿತ್ರ. ಬಿಟ್ ಎದ್ದ ಮೇಲೆ ಸಿಗೋ ಸಮಯ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಹಳೇ ಪ್ರೊಸೆಸರ್, ಅದರ ಮೇಲೆ ಕ್ಯೂಬೇಸಿಕ್ ಅಂದರೆ 192 ಬೈಟಿಗೂ ಅದು ಸಾಲದೆ ಹೋಗಬಹುದು. ಆಗ ಪಟ್ಟಿಯನ್ನು ತುಂಡು ಮಾಡಿ, ಸಂದಿಗೊಂದು ತುಂಡಿನಂತೆ ಬರೆಯಿರಿ. ಡಾಸ್‌ಬಾಕ್ಸ್‌ನಲ್ಲಿ ಚುಕ್ಕೆ ಎರಚೋದಿಲ್ಲ, ಆದರೂ ಈ ಎರಡು ಸಾಲು ಹಾಕೋ ಅಭ್ಯಾಸ ಇರಲಿ.

966ನೇ ಪೋರ್ಟ್ ಬಗ್ಗೆಯೂ ಚಿಕ್ಕದಾಗಿ ಹೇಳಿಬಿಡ್ತೀನಿ. ಅದರಲ್ಲಿ ಮಾಮೂಲಿ 255 ಇರುತ್ತದೆ. 0 ಬರೆದರೆ ಎಲ್ಲಾ ಚುಕ್ಕೆಗಳೂ 0ನೇ ಸಾಲಿಗೆ ಹೋಗಿ ತೆರೆ ಒಂದೇ ಬಣ್ಣ ಆಗುತ್ತದೆ. 255 ಬರೆದರೆ ಚಿತ್ರ ವಾಪಸು.

ಹಂತ 6: ಬಣ್ಣ ಇನ್ನೂ ತಪ್ಪಾಗಿದ್ದರೆ

ಪಟ್ಟಿಯಿಂದ ಓದಿದ ಅಂಕಿ ಸರಿಯಾಗಿದ್ದು ತೆರೆಯ ಬಣ್ಣ ಮಾತ್ರ ತಪ್ಪಾಗಿದ್ದರೆ ಕೇಬಲ್ ನೋಡಿ. 15 ಪಿನ್ನಿನಲ್ಲಿ 1 ಕೆಂಪು, 2 ಹಸಿರು, 3 ನೀಲಿ. 6, 7, 8 ಅವುಗಳ ವಾಪಸು ತಂತಿ. ಈ ತಂತಿಗಳಲ್ಲಿ ಹೋಗೋದು 0ಯಿಂದ 0.7 ವೋಲ್ಟ್. 63 ಮೆಟ್ಟಿಲು ಅಂದರೆ ಒಂದೊಂದಕ್ಕೆ ಸುಮಾರು 0.011 ವೋಲ್ಟ್. ಬಿಳಿ ಹಳದಿಯಾಗಿ ಕಂಡರೆ 3ನೇ ಪಿನ್ ಬಾಗಿರಬಹುದು. ತಿಳಿನೀಲಿಯಾಗಿ ಕಂಡರೆ 1ನೇದು, ನೇರಳೆಯಾಗಿ ಕಂಡರೆ 2ನೇದು.

ಹಂತ 7: ಪಟ್ಟಿ ಬೇಡವಾದಾಗ

ಮೆಮೊರಿ ಅಗ್ಗವಾಗುತ್ತಾ ಬಂದ ಹಾಗೆ ಪಟ್ಟಿಯ ಅಗತ್ಯ ಕಡಿಮೆಯಾಯಿತು. ನಿಮ್ಮ ಕಾರ್ಡು ಏನು ಮಾಡಬಲ್ಲದು ಅಂತ ಲೆಕ್ಕ ಹಾಕೋದು ಸುಲಭ: ಅಡ್ಡ × ಸಾಲು × ಚುಕ್ಕೆಗೆ ಎಷ್ಟು ಬೈಟ್. 640 × 480ರಲ್ಲಿ 16 ಬಣ್ಣಕ್ಕೆ 1,53,600 ಬೈಟ್, ಮೂಲ ವಿಜಿಎಗೆ ಸಾಕು. ಅಲ್ಲೇ 256 ಬಣ್ಣ ಬೇಕು ಅಂದರೆ 3,07,200. ಮೂಲ ವಿಜಿಎಗೆ ಇದು ಆಗದು, 512 ಕಿಲೋಬೈಟಿನ ಕಾರ್ಡು ಬೇಕು. 24 ಬಿಟ್ ಬಣ್ಣಕ್ಕೆ 9,21,600, ಒಂದು ಮೆಗಾಬೈಟಿನ ಕಾರ್ಡಿನಲ್ಲಿ ಹಿಡಿಯುತ್ತದೆ.

ನಡುವೆ ಬಂದಿದ್ದು ಹೈಕಲರ್. ಸಿಯೆರಾ ಕಂಪನಿಯ ಎಸ್‌ಸಿ11483ರಂಥ ರ‍್ಯಾಮ್‌ಡ್ಯಾಕ್‌ಗಳು ಎರಡು ಬೈಟ್ ಸೇರಿಸಿ ಒಂದು ಚುಕ್ಕೆ ಅಂತ ಓದುತ್ತಿದ್ದವು. ಮೂರು ಬಣ್ಣಕ್ಕೂ ಐದೈದು ಬಿಟ್, ಒಟ್ಟು 32,768 ಬಣ್ಣ, ಪಟ್ಟಿಯ ಹಂಗಿಲ್ಲದೆ ನೇರವಾಗಿ. ಹಸಿರಿಗೆ ಒಂದು ಬಿಟ್ ಜಾಸ್ತಿ ಕೊಟ್ಟ 16 ಬಿಟ್ ಚಿಪ್ಪುಗಳಲ್ಲಿ 65,536. ಈ ಸಾಮರ್ಥ್ಯ ಚಾಲೂ ಮಾಡೋ ಗುಂಡಿಗೆ ವಿಜಿಎಯಲ್ಲಿ ಹೊಸ ಪೋರ್ಟ್ ಇರಲಿಲ್ಲ. ಹಾಗಾಗಿ ಅದನ್ನು 966ರ ಹಿಂದೆಯೇ ಅಡಗಿಸಿಟ್ಟರು: 966ನ್ನು ಬೆನ್ನುಬೆನ್ನಿಗೆ ನಾಲ್ಕು ಸಲ ಓದಿದರೆ ಬಾಗಿಲು ತೆರೆಯುತ್ತದೆ, ಆಮೇಲಿನ ಬರಹ ಚಿಪ್ಪಿನೊಳಗಿನ ರಿಜಿಸ್ಟರಿಗೆ, ಅಂದರೆ ಸೆಟ್ಟಿಂಗ್ ಇಡೋ ಜಾಗಕ್ಕೆ, ಹೋಗುತ್ತದೆ. ಅಲ್ಲಿ ಬರೆಯಬೇಕಾದ ಅಂಕಿ ಚಿಪ್ಪಿನಿಂದ ಚಿಪ್ಪಿಗೆ ಬೇರೆ. ನಿಮ್ಮ ಕಾರ್ಡಿನ ಚಿಪ್ಪಿನ ಮೇಲಿನ ಹೆಸರು ಓದಿಕೊಂಡು, ಅದರ ಡೇಟಾಶೀಟ್ ಸಿಕ್ಕ ಮೇಲೇ ಅಲ್ಲಿ ಕೈ ಹಾಕಿ.